ಅಟ್ಟದ ಮೇಲಿನ ವಿಡಿಯೋ ಕರೆ

ನಿಮಿರುವಿಕೆಯ ತೊಂದರೆಗೆಂದು ನಾನು ವೈದ್ಯರೊಡನೆ ಮೊದಲ ಬಾರಿ ಮಾತನಾಡಿದ್ದು ದಾವಣಗೆರೆಯ ಎಪಿಎಂಸಿ ಪ್ರಾಂಗಣದ ದಲ್ಲಾಳಿ ಅಂಗಡಿಯೊಂದರ ಅಟ್ಟದ ಮೇಲೆ, ಮೆಕ್ಕೆಜೋಳದ ಖಾಲಿ ಚೀಲಗಳ ಪಕ್ಕದಲ್ಲಿ ಕುಳಿತು, ಮೊಬೈಲನ್ನು ಲೆಕ್ಕದ ಪುಸ್ತಕಗಳಿಗೆ ಒರಗಿಸಿ ನಿಲ್ಲಿಸಿಕೊಂಡು. ಆ ಅಂಗಡಿಯ ಲೆಕ್ಕಪತ್ರ ನೋಡುವುದು ನನ್ನ ಕೆಲಸ, ವಯಸ್ಸು 48. ವೃದ್ಧ ತಂದೆ, ಹೆಂಡತಿ ಮತ್ತು ಪಿಯುಸಿ ಓದುವ ಮಗಳಿರುವ ನಮ್ಮ ಪುಟ್ಟ ಮನೆಯಲ್ಲಿ ಇಂಥ ಮಾತಿಗೆ ಜಾಗವಿರಲಿಲ್ಲ. ಹಮಾಲರೆಲ್ಲ ಹೊರಟುಹೋದ ಮೇಲೆ ಸಂಜೆಯ ಹೊತ್ತು ಅಟ್ಟದಲ್ಲಿ ಸಿಗುತ್ತಿದ್ದ ಏಕಾಂತ ನನಗೆ ಬೇರೆಲ್ಲೂ ಸಿಗುತ್ತಿರಲಿಲ್ಲ.

ಊರಿನಲ್ಲಿ ವೈದ್ಯರಿಗೇನೂ ಬರವಿಲ್ಲ. 1965ರಿಂದಲೂ ವೈದ್ಯಕೀಯ ಕಾಲೇಜು ಇರುವ ಊರು ನಮ್ಮದು. ಸುತ್ತಲ ತಾಲ್ಲೂಕುಗಳವರೆಲ್ಲ ಕಾಯಿಲೆಯೆಂದರೆ ಇಲ್ಲಿಗೇ ಬರುತ್ತಾರೆ. ತೊಡಕಿರುವುದೂ ಅಲ್ಲಿಯೇ. ಮೂತ್ರರೋಗ ತಜ್ಞರ ಕೊಠಡಿಯ ಮುಂದಿನ ಬೆಂಚಿನಲ್ಲಿ ಅರ್ಧ ತಾಸು ಕುಳಿತರೆ ಹೊನ್ನಾಳಿಯ ರೈತನೋ, ಹರಿಹರದ ಬೀಗರೋ, ನಮ್ಮದೇ ಮಂಡಿಯ ಚೀಲ ಹೊಲಿಯುವವನೋ ಎದುರಾಗದೆ ಇರುವುದಿಲ್ಲ. ಆಸ್ಪತ್ರೆಯಲ್ಲಿ ಗುರುತಿನವರನ್ನು ಕಂಡಾಗ "ಏನಾಗೈತ್ರಿ?" ಎಂದು ವಿಚಾರಿಸದೆ ಮುಂದೆ ಹೋಗುವುದು ನಮ್ಮ ಕಡೆ ಅಸಭ್ಯತೆ. ಈ ಪ್ರಶ್ನೆಗೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ. ಇನ್ನೊಂದು ದಾರಿಯೆಂದರೆ ಗೋಡೆಗಳ ಮೇಲೆ ದಪ್ಪ ಅಕ್ಷರಗಳಲ್ಲಿ 'ಪುರುಷರ ಗುಪ್ತ ಸಮಸ್ಯೆಗಳಿಗೆ ಶಾಶ್ವತ ಪರಿಹಾರ' ಎಂದು ಬರೆಸಿಕೊಂಡಿರುವವರದು. ಲೈಂಗಿಕ ದೌರ್ಬಲ್ಯಕ್ಕೆ ಔಷಧಿಯಿದೆಯೆಂದು ಜಾಹೀರಾತು ಕೊಡುವುದನ್ನು ನಿಷೇಧಿಸಿದ ಕಾನೂನು ಈ ದೇಶದಲ್ಲಿ 1954ರಿಂದಲೂ ಇದೆ. ಗೋಡೆಗಳಿಗೆ ಮಾತ್ರ ಅದಿನ್ನೂ ತಲುಪಿದಂತಿಲ್ಲ.

ತೊಂದರೆ ಶುರುವಾಗಿ ಬಹಳ ಕಾಲವಾಗಿತ್ತು. ಸುಗ್ಗಿಯ ದಣಿವು, ನಿದ್ದೆಗೇಡು, ವಯಸ್ಸು ಎಂದು ಒಂದೊಂದು ಸಲ ಒಂದೊಂದು ಕಾರಣ ಹೇಳಿಕೊಂಡು ಕಾಲ ತಳ್ಳುತ್ತಿದ್ದೆ. ಒಂದು ರಾತ್ರಿ ನನ್ನ ಹೆಂಡತಿ, "ರೀ, ನನ್ನ ಮೇಲೇನಾದ್ರೂ ಬೇಜಾರೈತೇನ್ರಿ?" ಎಂದು ಕೇಳಿದಳು. ಅವಳು ಇಷ್ಟು ದಿನವೂ ಕಾರಣವನ್ನು ತನ್ನಲ್ಲೇ ಹುಡುಕುತ್ತಿದ್ದಳೆಂಬುದು ನನ್ನ ಊಹೆಗೂ ಬಂದಿರಲಿಲ್ಲ. ಮರುದಿನವೇ ಆನ್‌ಲೈನ್‌ನಲ್ಲಿ ಹುಡುಕತೊಡಗಿದೆ.

ಮೊದಲು ಸಿಕ್ಕ ಸೇವೆಯಲ್ಲಿ ವೈದ್ಯರ ಮುಖವೇ ಇರಲಿಲ್ಲ. ಒಂದಷ್ಟು ಪ್ರಶ್ನೆಗಳು, ಅವುಗಳ ಪಕ್ಕದಲ್ಲಿ ಚೌಕಗಳು; ಗುರುತು ಹಾಕುತ್ತ ಹೋದರೆ ಕೊನೆಯಲ್ಲಿ ತಿಂಗಳಿಗಾಗುವಷ್ಟು ಮಾತ್ರೆಗಳ ಪೊಟ್ಟಣ, ಅದರ ಬೆಲೆ, ಹಣ ಪಾವತಿಸುವ ಗುಂಡಿ. ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತೇನೆಂದು ನಾನು ಗುರುತು ಹಾಕಿದ್ದರೂ ಯಾವ ಮಾತ್ರೆ ಎಂದು ಮರುಪ್ರಶ್ನೆ ಬರಲಿಲ್ಲ. ಹಾಕದೆ ನೋಡಿದಾಗಲೂ ಅದೇ ಪೊಟ್ಟಣ, ಅದೇ ಬೆಲೆ. 2020ರ ಮಾರ್ಚ್ 25ರಂದು ಹೊರಬಂದ ದೂರವೈದ್ಯ ಮಾರ್ಗಸೂಚಿಯ ಪ್ರಕಾರ ನೋಂದಾಯಿತ ವೈದ್ಯರಷ್ಟೇ ದೂರದಿಂದ ಔಷಧಿ ಬರೆಯಬಹುದು, ಅವರು ಬರೆದ ಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ ಇರಬೇಕು, ಯಂತ್ರವು ತಾನಾಗಿಯೇ ರೋಗಿಗೆ ಔಷಧಿ ಸೂಚಿಸುವಂತಿಲ್ಲ. ಆ ಪುಟದಲ್ಲಿ ಎಷ್ಟು ಹುಡುಕಿದರೂ ಒಬ್ಬ ವೈದ್ಯರ ಹೆಸರೂ ಕಾಣಲಿಲ್ಲವಾದ್ದರಿಂದ ಅಲ್ಲಿಂದ ಹೊರಬಂದು, ಬೆಂಗಳೂರಿನಲ್ಲಿ ಕುಳಿತು ವಿಡಿಯೋ ಮೂಲಕ ನೋಡುವ, ಹೆಸರೂ ಸಂಖ್ಯೆಯೂ ತೋರಿಸಿದ್ದ ಮೂತ್ರರೋಗ ತಜ್ಞರೊಬ್ಬರ ಸಮಯ ಕಾದಿರಿಸಿದೆ.

ಅವರು ಮೊದಲು ಕೇಳಿದ್ದು, "ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ, ಮನಸ್ಸು ಬಿಚ್ಚಿ ಮಾತನಾಡಬಹುದೇ?" ಎಂದು. ಚೀಲಗಳ ರಾಶಿ ತೋರಿಸಿದೆ, ನಕ್ಕರು. ಆಮೇಲಿನ ಪ್ರಶ್ನೆಗಳನ್ನು ಅವರು ಕೆಮ್ಮು ನೆಗಡಿಯ ಬಗ್ಗೆ ವಿಚಾರಿಸುವ ಧ್ವನಿಯಲ್ಲೇ ಕೇಳಿದರು. ಬೆಳಿಗ್ಗೆ ಏಳುವಾಗ ನಿಮಿರುವಿಕೆ ಇರುತ್ತದೆಯೇ? ತೊಂದರೆ ಒಂದೇ ದಿನ ಬಂತೇ, ನಿಧಾನವಾಗಿ ಬೆಳೆಯಿತೇ? ಆಸೆಯೇ ಕುಂದಿದೆಯೇ, ಅಥವಾ ಆಸೆಯಿದ್ದೂ ದೇಹ ಸ್ಪಂದಿಸುವುದಿಲ್ಲವೇ? ಬಾಗು ಅಥವಾ ನೋವು ಇದೆಯೇ? ಬಾಗಿದ್ದರೆ ಪರದೆಯ ಮೇಲೆ ನೋಡಿ ಹೇಳಲಾಗುವುದಿಲ್ಲ, ಎದುರಿಗೆ ಬಂದೇ ತೋರಿಸಬೇಕಾಗುತ್ತದೆ ಎಂದರು. ಬೀಡಿ ಸಿಗರೇಟು, ಕುಡಿತ, ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತೀರಿ, ಎರಡು ಮಹಡಿ ಬಿರುಸಾಗಿ ಹತ್ತಿದರೆ ಎದೆ ಬಿಗಿಯುತ್ತದೆಯೇ ಎಂಬುದೆಲ್ಲ ಬಂತು. ಬೆಳಗಿನ ನಿಮಿರುವಿಕೆಯೂ ನಿಂತಿದೆ, ತೊಂದರೆ ನಿಧಾನವಾಗಿಯೇ ಬೆಳೆದದ್ದು ಎಂದಾಗ ಮನಸ್ಸಿಗಿಂತ ರಕ್ತನಾಳಗಳ ಕಡೆಗೆ ಅವರ ಅನುಮಾನ ತಿರುಗಿತು. ರಕ್ತದೊತ್ತಡದ ಮಾತ್ರೆಯ ಪಟ್ಟಿಯನ್ನು ಕ್ಯಾಮೆರಾದ ಹತ್ತಿರ ಹಿಡಿಯಲು ಹೇಳಿ ಓದಿದರು: ಅಟೆನೋಲಾಲ್. ಕೆಲವರಲ್ಲಿ ಇದೂ ಒಂದು ಕಾರಣವಾಗಬಲ್ಲದು, ಆದರೆ ನೀವಾಗಿ ನಿಲ್ಲಿಸಕೂಡದು, ಥಟ್ಟನೆ ಬಿಟ್ಟರೆ ಹೃದಯಕ್ಕೆ ಅಪಾಯ, ನಿಮ್ಮ ಊರಿನ ವೈದ್ಯರಿಗೆ ಪತ್ರ ಬರೆದುಕೊಡುತ್ತೇನೆ ಎಂದರು.

ಅಂದು ಅವರು ಮಾತ್ರೆ ಬರೆಯಲಿಲ್ಲ. ನನಗೆ ಸ್ವಲ್ಪ ನಿರಾಸೆಯೇ ಆಯಿತು. ಮಾತ್ರೆಗಾಗಿಯೇ ಕರೆ ಮಾಡಿದ್ದೆನಲ್ಲ. ಶಿಶ್ನಕ್ಕೆ ರಕ್ತ ಒಯ್ಯುವ ನಾಳಗಳ ಅಗಲ 1ರಿಂದ 2 ಮಿಲಿಮೀಟರ್, ಹೃದಯದ ನಾಳಗಳದು 3ರಿಂದ 4. ಒಳಗೋಡೆ ಕೆಡತೊಡಗಿದಾಗ ಸಣ್ಣ ನಾಳದಲ್ಲಿ ತೊಂದರೆ ಮೊದಲು ಗೊತ್ತಾಗುತ್ತದೆ, ಹೃದಯದಲ್ಲಿ ಎಷ್ಟೋ ಸಲ ಎರಡು ಮೂರು ವರ್ಷಗಳ ನಂತರ. ಹೀಗೆ ವಿವರಿಸಿ ಅವರು ಪರೀಕ್ಷೆಗಳ ಪಟ್ಟಿ ಕಳುಹಿಸಿದರು. ಬರಿಹೊಟ್ಟೆಯ ಸಕ್ಕರೆ, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ, ಕೊಬ್ಬಿನ ಪ್ರಮಾಣ, ಥೈರಾಯ್ಡ್, ಟೆಸ್ಟೋಸ್ಟೆರಾನ್. ಕೊನೆಯದು ಬೆಳಗಿನ ಹೊತ್ತು ಹೆಚ್ಚಿರುವುದರಿಂದ ರಕ್ತವನ್ನು ಹನ್ನೊಂದು ಗಂಟೆಯೊಳಗೇ ಕೊಡಬೇಕು. ರಕ್ತ ತೆಗೆಯುವ ಹುಡುಗಿ ಪಟ್ಟಿ ನೋಡಿದಳು, ನನ್ನ ಮುಖ ನೋಡಲಿಲ್ಲ. ಅಷ್ಟೊಂದು ಹೆದರಿದ್ದು ಯಾತಕ್ಕೋ ಎನಿಸಿತು.

ಎಚ್‌ಬಿಎ1ಸಿ 7.6 ಬಂತು. 6.5 ದಾಟಿದರೆ ಸಕ್ಕರೆ ಕಾಯಿಲೆ ಎಂದು ಅರ್ಥ. ಬರಿಹೊಟ್ಟೆಯ ಸಕ್ಕರೆಯೂ ಅದನ್ನೇ ಹೇಳುತ್ತಿತ್ತು. ಅಂದರೆ ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಪತ್ತೆಯಾದದ್ದು ಹಾಸಿಗೆಯ ತೊಂದರೆಯಿಂದಾಗಿ. ವರದಿಯನ್ನೂ ಬೆಂಗಳೂರಿನ ವೈದ್ಯರ ಪತ್ರವನ್ನೂ ಹಿಡಿದು ನಮ್ಮ ಮಾಮೂಲಿ ಫಿಸಿಷಿಯನ್ನರ ಬಳಿ ಹೋದೆ. ಬರೆದದ್ದು ಕೈಯಲ್ಲಿದ್ದುದರಿಂದ ಬಾಯಿಬಿಟ್ಟು ಹೇಳುವ ಕಷ್ಟ ತಪ್ಪಿತು. ಅವರು ಓದಿ, ತಲೆಯಾಡಿಸಿ, ಸಕ್ಕರೆಗೆ ಮೆಟ್‌ಫಾರ್ಮಿನ್ ಆರಂಭಿಸಿ, ಅಟೆನೋಲಾಲನ್ನು ಹಂತಹಂತವಾಗಿ ಇಳಿಸಿ ಅದರ ಬದಲು ಟೆಲ್ಮಿಸಾರ್ಟನ್ ಬರೆದರು, ಟ್ರೆಡ್‌ಮಿಲ್ ಪರೀಕ್ಷೆಗೂ ಕಳುಹಿಸಿದರು. ಅದರಲ್ಲಿ ದೋಷ ಕಾಣಲಿಲ್ಲ. ನಾಡಿ ಹಿಡಿಯುವುದು, ಪಟ್ಟಿ ಸುತ್ತಿ ರಕ್ತದೊತ್ತಡ ನೋಡುವುದು, ಪಾದದ ಸ್ಪರ್ಶಜ್ಞಾನ ಪರೀಕ್ಷಿಸುವುದು, ಇವನ್ನೆಲ್ಲ ಪರದೆಯ ಆಚೆಯಿಂದ ಯಾರೂ ಮಾಡಲಾರರು. ಊರಿನ ವೈದ್ಯರ ಕೈ ಸೇರದಿದ್ದರೆ ಆನ್‌ಲೈನ್ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತಿತ್ತು.

ಎರಡನೆಯ ಕರೆಯಲ್ಲಿ ಸಿಲ್ಡೆನಫಿಲ್ 50 ಮಿಲಿಗ್ರಾಂ ಬರೆದುಕೊಟ್ಟರು. ಹೃದಯಕ್ಕೆಂದು ಪ್ರಯೋಗಿಸಿ ನೋಡುತ್ತಿದ್ದ ಔಷಧಿಯೊಂದು ಬೇರೆ ಕಡೆ ಗುಣ ತೋರಿಸಿ, 1998ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಒಪ್ಪಿಗೆ ಪಡೆದ ಕಥೆಯನ್ನೂ ಹೇಳಿದರು. ನುಂಗಿದ ಮಾತ್ರಕ್ಕೆ ಅದು ಏನನ್ನೂ ಮಾಡುವುದಿಲ್ಲ. ಆಸೆ ಮೂಡಿದಾಗ ನರಗಳ ತುದಿಯಲ್ಲಿ ಬಿಡುಗಡೆಯಾಗುವ ನೈಟ್ರಿಕ್ ಆಕ್ಸೈಡ್ ರಕ್ತನಾಳವನ್ನು ಸಡಿಲಿಸುತ್ತದೆ. ಆ ಸಡಿಲಿಕೆಯನ್ನು ಬೇಗ ಅಳಿಸಿಹಾಕುವ ಕಿಣ್ವವನ್ನು ಮಾತ್ರೆ ತಡೆಯುತ್ತದೆ, ಅಷ್ಟೆ. ಒಂದು ತಾಸು ಮೊದಲು ತೆಗೆದುಕೊಳ್ಳಬೇಕು, ದಿನಕ್ಕೆ ಒಂದಕ್ಕಿಂತ ಹೆಚ್ಚು ಬೇಡ, ನಾಲ್ಕು ತಾಸಾದರೂ ಇಳಿಯದಿದ್ದರೆ ನಾಚಿಕೆ ಬಿಟ್ಟು ತುರ್ತು ವಿಭಾಗಕ್ಕೆ ಹೋಗಬೇಕು.

ಆಮೇಲೆ, "ಮನೆಯಲ್ಲಿ ಯಾರಿಗಾದರೂ ನಾಲಿಗೆ ಕೆಳಗಿಡುವ ಮಾತ್ರೆ ಇದೆಯೇ?" ಎಂದು ಕೇಳಿದರು. ತಂದೆಯವರ ಸಾರ್ಬಿಟ್ರೇಟ್ ದೇವರ ಗೂಡಿನ ಪಕ್ಕದಲ್ಲೇ ಇರುತ್ತದೆ. ಎದೆ ನೋವು ಬಂತೆಂದು ಗಾಬರಿಯಲ್ಲಿ ಮನೆಯವರು ಅದನ್ನು ನನ್ನ ಬಾಯಿಗೆ ಹಾಕಿದರೆ, ಎರಡೂ ಸೇರಿ ರಕ್ತದೊತ್ತಡ ಪ್ರಾಣಕ್ಕೆ ಕುತ್ತು ಬರುವಷ್ಟು ಕುಸಿಯಬಹುದು; ಆಸ್ಪತ್ರೆಗೆ ಹೋದರೂ ಈ ಮಾತ್ರೆ ನುಂಗಿದ್ದೇನೆಂದು ಮೊದಲೇ ಹೇಳಬೇಕು, ಇದು ನಿಮ್ಮ ಮನೆಯವರಿಗೂ ಗೊತ್ತಿರಬೇಕು ಎಂದರು. ಮೊದಲ ಸೇವೆಯ ಚೌಕಗಳಲ್ಲಿ ನನ್ನ ಔಷಧಿಗಳ ವಿಚಾರವಿತ್ತೇ ಹೊರತು ಅಪ್ಪನ ಔಷಧಿಯ ವಿಚಾರ ಇರಲಿಲ್ಲ. ಹೆಂಡತಿಗೆ ಎಲ್ಲವನ್ನೂ ಹೇಳಿದ್ದು ಅಂದೇ ರಾತ್ರಿ, ಆ ಡಬ್ಬಿಯನ್ನು ತೋರಿಸುತ್ತಲೇ.

ಮೊದಲ ಸಲ ಮಾತ್ರೆ ಕೆಲಸ ಮಾಡಿತೆಂದು ಹೇಳಲಾರೆ. ಅಂದು ಸಂಜೆ ಮಗಳ ಹಟಕ್ಕೆ ಎಲ್ಲರೂ ಬೆಣ್ಣೆ ದೋಸೆ ತಿಂದು ಬಂದಿದ್ದೆವು. ಕೊಬ್ಬಿನ ಊಟದ ಮೇಲೆ ಈ ಮಾತ್ರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ, ದಾವಣಗೆರೆಯವನಿಗೆ ಇದಕ್ಕಿಂತ ಕಷ್ಟದ ಪಥ್ಯವಿಲ್ಲ. ತಲೆ ಸಣ್ಣಗೆ ನೋಯಿತು, ಮೂಗು ಕಟ್ಟಿತು. ಆರೆಂಟು ಸಲ ನೋಡದೆ ಫಲವಿಲ್ಲವೆನ್ನಬೇಡಿ ಎಂದು ವೈದ್ಯರು ಮೊದಲೇ ಹೇಳಿದ್ದರಿಂದ ಧೈರ್ಯಗೆಡಲಿಲ್ಲ. ಬರಬರುತ್ತ ಸರಿಹೋಯಿತು. ಸಕ್ಕರೆ ಇಳಿದದ್ದರ ಪಾಲೆಷ್ಟು, ರಕ್ತದೊತ್ತಡದ ಮಾತ್ರೆ ಬದಲಾದದ್ದರ ಪಾಲೆಷ್ಟು, ಮುಚ್ಚಿಡುವ ಭಾರ ಕಳೆದದ್ದರ ಪಾಲೆಷ್ಟು ಎಂದು ಲೆಕ್ಕ ಬರೆಯುವವನಾದರೂ ಬಿಡಿಸಿ ಹೇಳಲಾರೆ.

ಮುಂದಿನ ಕರೆಯ ಹೊತ್ತಿಗೆ ಹೆಂಡತಿಯೂ ಅಟ್ಟ ಹತ್ತಿ ಬಂದಳು. "ಡಾಕ್ಟ್ರೇ, ಇದನ್ನ ಸಾಯೋತನಕ ನುಂಗ್ಬೇಕೇನ್ರಿ? ಚಟ ಆಗಂಗಿಲ್ಲಲ್ರಿ?" ಎಂದು ನಾನು ಕೇಳದಿದ್ದ ಪ್ರಶ್ನೆಯನ್ನು ಕೇಳಿದಳು. ಚಟವಾಗುವುದಿಲ್ಲ, ಬೇಕಾದಾಗ ಮಾತ್ರ ಸಾಕು, ಆದರೆ ಸಕ್ಕರೆ ಏರಿದರೆ ಈ ಮಾತ್ರೆಯ ಗುಣವೂ ಕುಂದುತ್ತದೆ ಎಂದು ಅವರು ಉತ್ತರಿಸಿ, ಮೂರು ತಿಂಗಳ ನಂತರದ ಎಚ್‌ಬಿಎ1ಸಿ ವರದಿಯಿಲ್ಲದೆ ಹೊಸ ಚೀಟಿ ಬರೆಯುವುದಿಲ್ಲವೆಂದು ಅವಳಿಗೇ ಹೇಳಿದರು. ಆ ದಿನಾಂಕವನ್ನು ಅವಳು ಅಲ್ಲೇ ಅಂಗಡಿಯ ಕ್ಯಾಲೆಂಡರಿನ ಹಾಳೆ ತಿರುವಿ ಗುರುತು ಹಾಕಿದಳು. ಮಾಲೀಕರು ಅದನ್ನು ಯಾವುದೋ ಚೆಕ್ಕಿನ ಗಡುವೆಂದು ತಿಳಿದು ಎರಡು ಸಲ ನೆನಪಿಸಿದರು.