ಬದಲಾದದ್ದಷ್ಟೇ ಬರಿ

14 ಮೇ 2024, ಮಂಗಳವಾರ, ಬಳ್ಳಾರಿ

ರಾತ್ರಿ ಹನ್ನೊಂದಾಯಿತು. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿದೆ. ನಮ್ಮ ಟೀಮಿನ ಸಿರುಗುಪ್ಪದ ಹುಡುಗ ಬೆಳಿಗ್ಗೆ ಫೋನಿನಲ್ಲಿ ಕೇಳಿದ್ದು ಇನ್ನೂ ಕಿವಿಯಲ್ಲಿದೆ.

"ಅಕ್ಕಾ, ನೀವು ಹೇಳ್ದಂಗ ಮಾಡಿದ್ನಲ್ಲಾ?"

ಹೌದು, ನಾನು ಹೇಳಿದಂಗೇ ಮಾಡಿದ್ದ. ಹೋದ ವಾರ ಆನ್ಸಿಬಲ್ (ಹಲವು ಮಷಿನ್‌ಗಳಿಗೆ ಒಟ್ಟಿಗೇ ಸೆಟ್ಟಿಂಗ್ ಹಾಕುವ ಸಾಫ್ಟ್‌ವೇರ್) ಹೇಳಿಕೊಡುವಾಗ ಅಂದಿದ್ದೆ: ಎಲ್ಲಾ ಮಷಿನ್‌ಗೂ ಬೇಕಾದದ್ದು 'ಆಲ್' ಫೈಲಿಗೆ, ಗುಂಪಿನದು ಗ್ರೂಪ್ ವಾರ್ಸ್ ಫೈಲಿಗೆ, ಒಂದೇ ಮಷಿನ್ನಿನದು (ಅದನ್ನೇ ಹೋಸ್ಟ್ ಅನ್ನೋದು) ಹೋಸ್ಟ್ ವಾರ್ಸ್ ಫೈಲಿಗೆ. ಮೂರರಲ್ಲೂ ಒಂದೇ ಹೆಸರಿದ್ದರೆ ಹೋಸ್ಟಿನದೇ ನಡೆಯುತ್ತದೆ. ಅದಕ್ಕೆ ಹೋಸ್ಟ್ ಫೈಲಿನಲ್ಲಿ ಬದಲಾದದ್ದಷ್ಟೇ ಬರಿ, ಉಳಿದದ್ದು ಗುಂಪಿನಿಂದ ಬರುತ್ತೆ.

ನಮ್ಮ ಆರು ಡೇಟಾಬೇಸ್ ಮಷಿನ್‌ಗಳಿಗೆ ಗುಂಪಿನ ಫೈಲಿನಲ್ಲಿ ಒಂದು ಡಿಕ್ಷನರಿ, ಅಂದರೆ ಒಂದೇ ಹೆಸರಿನ ಕೆಳಗೆ ಹಲವು ಸೆಟ್ಟಿಂಗುಗಳ ಕಟ್ಟು. ಅದರೊಳಗೆ ನಾಲ್ಕು ಸಾಲು: ಪೋರ್ಟ್ 5432, ಕನೆಕ್ಷನ್ 200, ಲಾಗ್ ಎಲ್ಲಿ ಬೀಳಬೇಕು, ಬ್ಯಾಕಪ್ ಆನ್. ನಾಲ್ಕನೇ ಮಷಿನ್ನಿಗೆ ಮೆಮೊರಿ ಜಾಸ್ತಿ ಹಾಕಿದ್ದರು, ಕನೆಕ್ಷನ್ 400 ಮಾಡಬೇಕಿತ್ತು. ಹುಡುಗ ಆ ಮಷಿನ್ನಿನ ಹೆಸರಲ್ಲಿ ಫೈಲ್ ಮಾಡಿ, ಅದೇ ಡಿಕ್ಷನರಿಯ ಹೆಸರು ಬರೆದು, ಕೆಳಗೆ ಕನೆಕ್ಷನ್ 400 ಅಂತ ಒಂದೇ ಸಾಲು ಹಾಕಿದ್ದಾನೆ. ಬದಲಾದದ್ದಷ್ಟೇ.

ಆನ್ಸಿಬಲ್ ತಾನಾಗಿ ಎರಡು ಡಿಕ್ಷನರಿಗಳನ್ನು ಬೆರೆಸುವುದಿಲ್ಲ. ಹೋಸ್ಟಿನದು ಸಿಕ್ಕಿತು ಅಂದರೆ ಗುಂಪಿನದನ್ನು ಪೂರ್ತಿ ಬಿಟ್ಟುಬಿಡುತ್ತದೆ, ನಾಲ್ಕೂ ಸಾಲು. ಪೋರ್ಟಿಗೂ ಲಾಗಿಗೂ ಟೆಂಪ್ಲೇಟಿನಲ್ಲಿ (ಸೆಟ್ಟಿಂಗ್ ಫೈಲಿನ ಅಚ್ಚು) ಡಿಫಾಲ್ಟ್, ಅಂದರೆ ಬೆಲೆ ಸಿಗದಿದ್ದರೆ ಹಿಡಿಯುವ ಬೆಲೆ, ಇತ್ತು, ಡೇಟಾಬೇಸ್ ಚೆನ್ನಾಗೇ ಓಡಿತು. ಬ್ಯಾಕಪ್ಪಿಗೂ ಡಿಫಾಲ್ಟ್ ಇತ್ತು: ಆಫ್. ಎಲ್ಲೂ ಕೆಂಪಕ್ಷರ ಬರಲಿಲ್ಲ. ಮೂರು ರಾತ್ರಿ ಬ್ಯಾಕಪ್ ಇಲ್ಲ. ಡೇಟಾ ಏನೂ ಹೋಗಲಿಲ್ಲ, ದೇವರು ದೊಡ್ಡವನು.

ಮೀಟಿಂಗಿನಲ್ಲಿ ಅವನ ಹೆಸರು ಹಿಡಿದು ಬೈದರು. ನಾನು ಮ್ಯೂಟಿನಲ್ಲಿದ್ದೆ. ಮ್ಯೂಟ್ ತೆಗೆದು "ನಾನು ನೋಡ್ತೀನಿ ಸರ್" ಅಂದೆ. ಅಷ್ಟೇ ಅಂದೆ.

ಸಂಜೆ ಕೌಲ್ ಬಜಾರಿಗೆ, ಮಾಮನ ಜೀನ್ಸ್ ಯೂನಿಟ್ಟಿಗೆ ಊಟದ ಡಬ್ಬಿ ಕೊಡಲು ಹೋಗಿದ್ದೆ. ಮಾಮನ ಮೊಣಕೈತನಕ ನೀಲಿ ಧೂಳು. ಕಟಿಂಗ್ ಆದ ಬಂಡಲ್ಲುಗಳನ್ನು ಗೋಡೆಗೆ ಒಟ್ಟಿದ್ದರು, ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ. ಒಂದರ ಮೇಲೆ ಪೆನ್ಸಿಲಿನಲ್ಲಿ "ಝಿಪ್ ಬ್ಯಾರೆ" ಅಂತಷ್ಟೇ ಇತ್ತು.

"ಮಾಮಾ, ಇದರ ಬಟನ್ನು, ಉದ್ದ, ಅದೆಲ್ಲ ಬರೆದಿಲ್ಲಲ್ಲ?"

"ಅದನ್ನ ಬರಿಯಾದು ಯಾಕಮ್ಮಾ? ಉಳಿದಿದ್ದೆಲ್ಲ ಇದ್ದಂಗ ಇರ್ತೈತಿ. ಅದ್ನೂ ಬರಿಯಾದಂದ್ರೆ ಚೀಟಿ ಸಾಲ್ತೈತಾ?"

ಆ ಬಂಡಲ್ ಹೊಲಿಯುತ್ತಿದ್ದವನು ಚೀಟಿಯನ್ನು ಒಂದು ಸಲ ನೋಡಿ ಮಷಿನ್ ಪಕ್ಕಕ್ಕೆ ಸಿಕ್ಕಿಸಿಕೊಂಡ. ಮಿಕ್ಕದ್ದು ಅವನ ಕೈಗೆ ಗೊತ್ತಿತ್ತು. ಡಬ್ಬಿ ಅಲ್ಲೇ ಇಟ್ಟು ಬಂದೆ, ಮಾಮ ಏನೋ ಕೇಳಿದರು, ಸರಿಯಾಗಿ ಉತ್ತರ ಕೊಡಲಿಲ್ಲ.

ಮನೆಗೆ ಬಂದು ಹುಡುಗನನ್ನು ಸ್ಕ್ರೀನಿಗೆ ಕರೆದೆ. ಒಂದು ಮಷಿನ್ನಿಗೆ ಕೊನೆಗೆ ಯಾವ ಬೆಲೆ ಸಿಗುತ್ತೆ ಅಂತ ತೋರಿಸುವ 'ಆನ್ಸಿಬಲ್-ಇನ್ವೆಂಟರಿ --ಹೋಸ್ಟ್' ಕಮಾಂಡ್ ಹೊಡೆದು ಮೊದಲು ಮೂರನೇ ಮಷಿನ್ ತೋರಿಸಿದೆ: ಡಿಕ್ಷನರಿಯೊಳಗೆ ನಾಲ್ಕು ಸಾಲು. ಆಮೇಲೆ ನಾಲ್ಕನೆಯದು: ಒಂದೇ ಸಾಲು, 400.

ಸ್ವಲ್ಪ ಹೊತ್ತು ಸುಮ್ಮನಿದ್ದ. "ಇದನ್ನ ಓಡ್ಸಾಕ ಮುಂಚೆ ನೋಡಬಹುದಿತ್ತೇನಕ್ಕಾ?"

"ನೋಡಬಹುದಿತ್ತು. ನಾನು ಹೇಳಿಕೊಡಲಿಲ್ಲ."

ಡಿಕ್ಷನರಿ ಒಡೆದು ನಾಲ್ಕು ಬೇರೆ ಬೇರೆ ವೇರಿಯಬಲ್ ಮಾಡಿದೆವು. ಈಗ ಹೋಸ್ಟ್ ಫೈಲಿನಲ್ಲಿ ಒಂದು ಸಾಲು ಬರೆದರೆ ಅದೊಂದೇ ಬದಲಾಗುತ್ತದೆ. ಆನ್ಸಿಬಲ್ ಕಾನ್ಫಿಗ್ಗಿನಲ್ಲಿ ಡಿಕ್ಷನರಿಗಳನ್ನು ತಾನೇ ಬೆರೆಸುವ ಮರ್ಜ್ ಸೆಟ್ಟಿಂಗ್ ಆನ್ ಮಾಡಿಬಿಡೋಣ ಅಂತ ಟೀಮಿನಲ್ಲಿ ಒಬ್ಬರು ಹೇಳಿದರು, ನಾನು ಒಪ್ಪಲಿಲ್ಲ. ಆ ಸೆಟ್ಟಿಂಗ್ ಇಲ್ಲದವರ ಲ್ಯಾಪ್‌ಟಾಪಿನಲ್ಲಿ ಅದೇ ಸ್ಕ್ರಿಪ್ಟ್ ಬೇರೆ ಥರ ನಡೆಯುತ್ತದೆ. ಬೆರೆಸಲೇಬೇಕಾದ ಕಡೆ ಕಂಬೈನ್ ಫಿಲ್ಟರ್ ಹಾಕಿ ಕಣ್ಣಿಗೆ ಕಾಣುವಂತೆ ಬರೆಯೋಣ. ಬ್ಯಾಕಪ್ಪಿನ ಡಿಫಾಲ್ಟನ್ನೂ ತೆಗೆದೆ, ಬೆಲೆ ಸಿಗದಿದ್ದರೆ ಸ್ಕ್ರಿಪ್ಟು ಅಲ್ಲೇ ನಿಲ್ಲಲಿ.

ಕರೆಂಟು ಹೋಯ್ತು. ಲ್ಯಾಪ್‌ಟಾಪಿನ ಬೆಳಕಲ್ಲೇ ಬರೆಯುತ್ತಿದ್ದೇನೆ, ಅವ್ವ ಒಳಗಿಂದ ಮಲಗು ಅನ್ನುತ್ತಿದ್ದಾಳೆ.

ಸರ್‌ಗೆ ಮೇಲ್ ಬರೆದಿಟ್ಟಿದ್ದೇನೆ, ಕಳಿಸಿಲ್ಲ. ಹಾಗೆ ಬರೆಯಲು ಹೇಳಿಕೊಟ್ಟವಳು ನಾನು ಅನ್ನೋದು ಐದನೇ ಸಾಲಿನಲ್ಲಿದೆ. ಅದು ಮೊದಲನೇ ಸಾಲಾಗಬೇಕು. ಬೆಳಿಗ್ಗೆ ಒಂಬತ್ತಕ್ಕೆ ಮೀಟಿಂಗು, ಅದಕ್ಕಿಂತ ಮುಂಚೆ ಅವನಿಗೊಂದು…