ಹಕ್ಕಿಗಳ ಅಧ್ಯಯನಕ್ಕೆ ಯಾವ ಕ್ಯಾಮೆರಾ ಕೊಳ್ಳಬೇಕು?

ಕಾಲೇಜು ಹುಡುಗರಿಂದ ಹಿಡಿದು ನೆರೆತೋಟದ ಹಿರಿಯರವರೆಗೆ, ಕೊಡಗಿನಲ್ಲಿ ಹಕ್ಕಿಗಳ ಬಗ್ಗೆ ಆಸಕ್ತಿ ಹುಟ್ಟಿದವರೆಲ್ಲ ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದು. ಸದ್ಯಕ್ಕೆ ಯಾವುದೂ ಬೇಡ ಎಂಬುದು ನನ್ನ ಉತ್ತರ. ಚಿತ್ರ ಸಿಕ್ಕಿದೊಡನೆ ನೋಡುವ ಕೆಲಸ ಮುಗಿಯಿತೆಂಬ ಭಾವನೆ ಬರುತ್ತದೆ. ಆದರೆ ಹಕ್ಕಿ ಯಾವ ಮರದಲ್ಲಿತ್ತು, ಏನು ತಿನ್ನುತ್ತಿತ್ತು, ಯಾರನ್ನು ಓಡಿಸುತ್ತಿತ್ತು ಎಂಬುದನ್ನು ಬರೆದಿಡುವಾಗಲೇ ಅಧ್ಯಯನ ಆರಂಭವಾಗುವುದು. ಇದಕ್ಕೆ ಒಂದು ಟಿಪ್ಪಣಿ ಪುಸ್ತಕ ಮತ್ತು ಪೆನ್ಸಿಲ್ ಸಾಕು. ನಮ್ಮ ಮಳೆಗೆ ಪೆನ್ನಿನ ಶಾಯಿ ನಿಲ್ಲುವುದಿಲ್ಲ.

ಹಣ ಖರ್ಚು ಮಾಡಲೇಬೇಕೆಂದಿದ್ದರೆ 8x42 ಬೈನಾಕ್ಯುಲರ್ ಕೊಳ್ಳಿ. ಎಂಟು ಎಂಬುದು ಅದು ಎಷ್ಟು ಪಟ್ಟು ಹಿಗ್ಗಿಸಿ ತೋರಿಸುತ್ತದೆ ಎಂಬುದನ್ನೂ, ನಲವತ್ತೆರಡು ಎಂಬುದು ಮುಂದಿನ ಮಸೂರದ ವ್ಯಾಸವನ್ನೂ ಮಿಲಿಮೀಟರುಗಳಲ್ಲಿ ಹೇಳುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಿಂಡಿಯ ಅಗಲ, ಸುಮಾರು 5 ಮಿಲಿಮೀಟರು, ಸಿಗುತ್ತದೆ. ನೆರಳು ದಟ್ಟವಾದ ಕಾಫಿ ತೋಟದಲ್ಲಿ, ಮೋಡ ಕವಿದ ಬೆಳಗಿನಲ್ಲಿ ಈ ಲೆಕ್ಕ ಬಹಳ ಮುಖ್ಯ. ಹನ್ನೆರಡು ಪಟ್ಟಿನದು ಅಂಗಡಿಯಲ್ಲಿ ಮನಸೆಳೆದರೂ ಕೈಯಲ್ಲಿ ನಡುಗುತ್ತದೆ.

ಆದರೂ ಕೊಡಗಿನಲ್ಲಿ ಕಣ್ಣಿಗಿಂತ ಕಿವಿ ಹೆಚ್ಚು ದುಡಿಯಬೇಕು. ಕುಟ್ರುಹಕ್ಕಿಯ ಹಸಿರು ಮೈ ಎಲೆಗಳ ನಡುವೆ ಕಾಣುವುದೇ ಇಲ್ಲ. ಒಂದು ಕೂಗಲು ಆರಂಭಿಸಿದರೆ ಸುತ್ತಲಿನವು ದನಿಗೂಡಿಸುವುದರಿಂದ ಎಷ್ಟಿವೆ ಎಂದು ಅಂದಾಜು ಮಾಡಬಹುದು. ತೋಡಿನ ಬದಿಯ ಮಲಬಾರ್ ಸಿಳ್ಳಾರ ಮಳೆಗಾಲದ ನಸುಕಿನಲ್ಲಿ, ಮನುಷ್ಯರೇ ಸಿಳ್ಳೆ ಹಾಕುತ್ತಿರುವಂತೆ ಹಾಡುತ್ತದೆ. ನಮ್ಮ ಧ್ವನಿಪೆಟ್ಟಿಗೆ ಗಂಟಲಿನಲ್ಲಿದ್ದರೆ ಹಕ್ಕಿಯ ದನಿಯ ಅಂಗ ಶ್ವಾಸನಾಳ ಎರಡಾಗಿ ಕವಲೊಡೆಯುವಲ್ಲಿದೆ, ಮತ್ತು ಅನೇಕ ಹಾಡುಹಕ್ಕಿಗಳು ಅದರ ಎರಡು ಬದಿಗಳನ್ನೂ ಬೇರೆ ಬೇರೆಯಾಗಿ ನುಡಿಸಬಲ್ಲವು. ಭೀಮರಾಜ ಮಾತ್ರ ಕಲಿಯುವವರ ತಾಳ್ಮೆಯನ್ನು ಪರೀಕ್ಷಿಸುತ್ತದೆ: ಅದು ಇತರ ಹಕ್ಕಿಗಳ ದನಿಯನ್ನು ಅನುಕರಿಸುವುದರಿಂದ, ದನಿ ಕೇಳಿ ಹೆಸರು ಹೇಳುವ ಮೊಬೈಲ್ ಆ್ಯಪ್ ಕೂಡ ಎಡವಬಹುದು.

ಹೆಸರುಗಳು ಒಂದಿಷ್ಟು ತಿಳಿದ ಮೇಲೆ ಪಟ್ಟಿ ಬೆಳೆಸಲು ನಾಗರಹೊಳೆಗೋ ಬ್ರಹ್ಮಗಿರಿಗೋ ಓಡುವ ಬದಲು ನಿಮ್ಮ ತೋಟದಲ್ಲೇ ಒಂದು ಪ್ರಶ್ನೆಯನ್ನು ಹಿಡಿಯಿರಿ. ಉದಾಹರಣೆಗೆ, ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಮರಗಳೇ ತುಂಬಿದ ಭಾಗಕ್ಕೂ, ಅತ್ತಿ, ಬಸರಿಯಂಥ ಕಾಡುಮರಗಳನ್ನು ಉಳಿಸಿಕೊಂಡ ಭಾಗಕ್ಕೂ ಹಕ್ಕಿಗಳಲ್ಲಿ ಏನು ವ್ಯತ್ಯಾಸ? ಸಿಲ್ವರ್ ಓಕ್ ಹೂಬಿಟ್ಟಾಗ ಮಕರಂದಕ್ಕೆ ಸೂರಕ್ಕಿಗಳು ಬರುತ್ತವೆ, ಆದರೆ ಹಣ್ಣು ತಿನ್ನುವ ಕುಟ್ರುಹಕ್ಕಿಗಾಗಲಿ ಮಂಗಟ್ಟೆಗಾಗಲಿ ಅದರಲ್ಲಿ ಊಟವಿಲ್ಲ. ಮಂಗಟ್ಟೆಗೆ ಹಣ್ಣಿನ ಜೊತೆಗೆ ದೊಡ್ಡ ಪೊಟರೆಯೂ ಬೇಕು. ಹೆಣ್ಣು ಅದರೊಳಗೆ ಸೇರಿ ಕಿರಿದಾದ ಸೀಳೊಂದನ್ನು ಬಿಟ್ಟು ಪೊಟರೆಯ ಬಾಯಿ ಮುಚ್ಚಿಕೊಂಡರೆ, ಗಂಡು ಆ ಸೀಳಿನ ಮೂಲಕವೇ ಉಣಿಸುತ್ತದೆ. ಕುಟ್ರುಹಕ್ಕಿಯಾದರೋ ಒಣಗಿದ, ಮೆದುವಾದ ಕೊಂಬೆಯನ್ನು ತಾನೇ ಕೊರೆದು ಗೂಡು ಮಾಡುತ್ತದೆ, ಮತ್ತು ಮರಗಸಿ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮಾಡಿಸುವಾಗ ನಾವು ಮೊದಲು ಕಡಿಸುವುದು ಅಂಥ ಕೊಂಬೆಗಳನ್ನೇ. ಮರಗಸಿಗೆ ಮುಂಚೆ ಮತ್ತು ನಂತರ ಗೂಡುಗಳನ್ನು ಗುರುತಿಸಿಡುವುದು ಯಾವ ಬೆಳೆಗಾರರೂ ಮಾಡಬಹುದಾದ ಅಧ್ಯಯನ.

ವಿಧಾನ ಸರಳವಾದರೂ ಬೇಸರ ತರಿಸುವಂಥದು. ಪ್ರತಿ ಭಾಗದಲ್ಲೂ ಗೊತ್ತುಪಡಿಸಿದ ಜಾಗದಲ್ಲಿ, ಬೆಳಗಿನ ಅದೇ ಹೊತ್ತಿಗೆ ಹತ್ತು ನಿಮಿಷ ನಿಂತು, ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಏನೂ ಸಿಗದ ದಿನವನ್ನೂ ಬರೆಯಬೇಕು; ಅದನ್ನು ಬಿಟ್ಟರೆ ಲೆಕ್ಕವೇ ಸುಳ್ಳಾಗುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ 2002ರಲ್ಲಿ ಪ್ರಾರಂಭಿಸಿದ ಇ-ಬರ್ಡ್ ಜಾಲತಾಣಕ್ಕೆ ಈ ಪಟ್ಟಿಗಳನ್ನು ಉಚಿತವಾಗಿ ಸೇರಿಸಬಹುದು, ಸಂಶೋಧಕರು ಅವನ್ನು ಬಳಸುತ್ತಾರೆ. ಮಂಗಟ್ಟೆಯ ಪೊಟರೆ ಇರುವ ಜಾಗವನ್ನು ಮಾತ್ರ ಎಲ್ಲಿಯೂ ಬಹಿರಂಗಪಡಿಸಬೇಡಿ. ಕ್ಯಾಮೆರಾ ಹಿಡಿದವರು ಗುಂಪುಗುಂಪಾಗಿ ಬಂದು ಮರದಡಿ ನಿಂತರೆ ಉಣಿಸಲು ಬಂದ ಗಂಡು ಹತ್ತಿರ ಸುಳಿಯದೆ ಹೋಗಬಹುದು.