ಅಪ್ಪ ತೀರಿಹೋದ ವರ್ಷವೂ ಕ್ರಿಸ್ಮಸ್ ಮಾಡ್ತೀರಾ?

ಡಿಸೆಂಬರ್ ಶುರುವಾದಾಗಿನಿಂದ ಆಫೀಸಿನಲ್ಲಿ, ಊರಿನ ಅಂಗಡಿಯಲ್ಲಿ, ಬಸ್ಸಿನಲ್ಲಿ, ಎಲ್ಲರೂ ಇದನ್ನೇ ಕೇಳುತ್ತಿದ್ದಾರೆ. ನಿಮ್ಮಲ್ಲಿ ಸೂತಕ ಇಲ್ವಾ, ಈ ಸಲ ಹಬ್ಬ ಇದೆಯಾ ಅಂತ. ಕೇಳುವವರ ಮೇಲೆ ನನಗೆ ಬೇಜಾರಿಲ್ಲ. ಅವರಲ್ಲಿ ಎಷ್ಟೋ ಮನೆಗಳಲ್ಲಿ ಸಾವಾದರೆ ಒಂದು ವರ್ಷ ಹಬ್ಬವಿಲ್ಲ. ಪಪ್ಪ ಹೋಗಿದ್ದು ಈ ಆಗಸ್ಟಿನಲ್ಲಿ. ಹಾಗಾಗಿ ನಮ್ಮ ಮನೆಗೆ ಬರಬಹುದೋ ಇಲ್ಲವೋ, ಶುಭಾಶಯ ಹೇಳಬಹುದೋ ಇಲ್ಲವೋ ಅಂತ ಅವರಿಗೆ ಗೊತ್ತಾಗುವುದಿಲ್ಲ. ಕೇಳಿದ್ದೇ ಒಳ್ಳೆಯದಾಯಿತು.

ಮಾಡ್ತೀವಿ. ಆದರೆ ಎಲ್ಲವನ್ನೂ ಮಾಡುವುದಿಲ್ಲ.

ನಮ್ಮದು ಮೂಡುಬಿದಿರೆ ಕಡೆಯ ಕೊಂಕಣಿ ಕಥೋಲಿಕ ಕುಟುಂಬ. ಸಾವಾದ ಮನೆಯವರು ಹಬ್ಬ ಮಾಡಬಾರದು ಎಂಬ ಕಟ್ಟಳೆ ನಮ್ಮ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಇಲ್ಲ. ಏನು ಬಿಡುವುದು, ಏನು ಉಳಿಸಿಕೊಳ್ಳುವುದು ಎಂಬುದು ಆಯಾ ಮನೆಗೆ ಬಿಟ್ಟಿದ್ದು. ಅಜ್ಜಿಯ ಕಾಲದಲ್ಲಿ ಗಂಡ ಸತ್ತರೆ ವರ್ಷವಿಡೀ ಕಪ್ಪು ಸೀರೆ ಉಡುತ್ತಿದ್ದರು. ಈಗ ಅಷ್ಟಿಲ್ಲ. ನಾವು ಈ ವರ್ಷ ಕುಸ್ವಾರ್ ಮಾಡುತ್ತಿಲ್ಲ, ಅಂದರೆ ಕಿಡ್ಯೊ, ನೆವ್ರ್ಯೊ, ಗುಳಿಯೊ, ರೋಸ್ ಕುಕ್ಕೀಸ್, ಈ ಹಬ್ಬದ ತಿಂಡಿಗಳು ಯಾವುದೂ ನಮ್ಮ ಒಲೆಯ ಮೇಲೆ ಆಗುವುದಿಲ್ಲ. ನಮ್ಮ ವಾಡೊದ, ಅಂದರೆ ಇಗರ್ಜಿಯ ನಮ್ಮ ವಾರ್ಡಿನ, ಮನೆಗಳಿಂದ ಡಬ್ಬಿಗಳು ಆಗಲೇ ಬರತೊಡಗಿವೆ. ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ ಗೋದಲಿ ಮಾತ್ರ ಕಟ್ಟುತ್ತೇವೆ. ನಕ್ಷತ್ರವನ್ನೂ ತೂಗುಹಾಕುತ್ತೇವೆ. 24ರ ರಾತ್ರಿಯ ಪೂಜೆಗೂ ಹೋಗುತ್ತೇವೆ.

ಯಾಕೆ ಅಂದರೆ, ಕ್ರಿಸ್ಮಸ್ ಚೆನ್ನಾಗಿ ಕಳೆದ ವರ್ಷಕ್ಕೆ ಸಿಗುವ ಬಹುಮಾನ ಅಂತ ನಾವು ಯಾವತ್ತೂ ಅಂದುಕೊಂಡವರಲ್ಲ. ಹಬ್ಬದ ವಾರವನ್ನೇ ನೋಡಿ. 25ಕ್ಕೆ ಮಗು ಹುಟ್ಟಿತು ಅಂತ ಗಂಟೆ ಬಾರಿಸುತ್ತೇವೆ. ಮಾರನೆಯ ದಿನವೇ ಕಲ್ಲೇಟಿಗೆ ಸತ್ತ ಸಂತ ಸ್ತೆಫಾನನ ನೆನಪು. 28 ಬಂತೆಂದರೆ ಹೆರೋದ ರಾಜ ಬೆತ್ಲೆಹೇಮಿನಲ್ಲಿ ಕೊಲ್ಲಿಸಿದ ಎಳೆ ಮಕ್ಕಳ ದಿನ. ಬಾಲಯೇಸುವಿನ ತಂದೆತಾಯಿ ರಾತ್ರೋರಾತ್ರಿ ಈಜಿಪ್ಟಿಗೆ ಓಡಿದರು. ಇಷ್ಟೆಲ್ಲ ದುಃಖ ಹಬ್ಬದ ಒಳಗೇ ಇದೆ. ಹಾಗಿರುವಾಗ ನಮ್ಮ ಮನೆಯ ದುಃಖಕ್ಕೆ ಅಲ್ಲಿ ಜಾಗ ಇಲ್ಲ ಅಂತ ಹೇಗೆ ಹೇಳುವುದು?

ಇನ್ನೊಂದು ಕಾರಣ ನಮ್ಮ ಮನೆಯದೇ. ಪಪ್ಪನ ಹತ್ತಿರ ತೋಟದ ಲೆಕ್ಕದ ಪುಸ್ತಕ ಒಂದಿತ್ತು. ಉದ್ದನೆಯ ಪುಸ್ತಕ, ಮೂಲೆಯಲ್ಲೆಲ್ಲ ತೋಟದ ಔಷಧಿಗೆ ಹಾಕುವ ಮೈಲುತುತ್ತಿನ ನೀಲಿ ಕಲೆ. ಪ್ರತಿ ವರ್ಷ 24ರ ಸಂಜೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿದು, ಮಕ್ಕಳೆಲ್ಲ ದೊಡ್ಡವರ ಹತ್ತಿರ ಬೆಸಾಂವ್ (ಆಶೀರ್ವಾದ) ಕೇಳಿ ಆದ ಮೇಲೆ, ಅವರು ಗೋದಲಿಯ ಎದುರು ಕೂತು ಅದನ್ನು ಜನವರಿಯಿಂದ ಓದುತ್ತಿದ್ದರು. ಅಡಿಕೆ ಎಷ್ಟು ಕ್ವಿಂಟಲ್ ಆಯಿತು ಅನ್ನುವುದು ಬೇಗ ಮುಗಿಯುತ್ತಿತ್ತು. ಅವರಿಗೆ ಬೇಕಿದ್ದದ್ದು ಬಾಕಿ. ಯಾರಿಗೆ ದುಡ್ಡು ಕೊಡುವುದಿದೆ, ಯಾರ ಮನೆಯ ಕಷ್ಟಕ್ಕೆ ಹೋಗಲಿಲ್ಲ, ಯಾರ ಹತ್ತಿರ ಮಾತು ಬಿಟ್ಟಿದ್ದೇವೆ. ಪಾಪನಿವೇದನೆಗೆ ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದಲ್ಲೇ ಹೋಗಿ ಬಂದಿರುತ್ತಿದ್ದೆವು, ಆದರೂ ದೇವರಿಗೆ ಹೇಳಿದ್ದನ್ನು ಮನೆಯವರ ಎದುರೂ ಹೇಳಬೇಕು ಅನ್ನುವುದು ಅವರ ಹಟ. ನೀರಿನ ವಿಷಯಕ್ಕೆ ಮಾತು ಬಿಟ್ಟಿದ್ದ ಚಿಕ್ಕಪ್ಪನ ಮನೆಗೆ ಒಂದು ವರ್ಷ ಹಾಗೇ ಎದ್ದು ಹೋಗಿ, ಅವರನ್ನು ಕರೆದುಕೊಂಡೇ ಪೂಜೆಗೆ ಬಂದರು.

ಈ ವರ್ಷದ ಪುಟಗಳನ್ನು ಅಮ್ಮ ಮೊನ್ನೆ ತೆಗೆದು ತೋರಿಸಿದರು. ಏಪ್ರಿಲ್ 21, ‘ಪೋಪ್ ಫ್ರಾನ್ಸಿಸ್ ತೀರಿಕೊಂಡರು’. ಅದರ ಕೆಳಗೇ ಗೊಬ್ಬರದ ಮೂಟೆಗಳ ಲೆಕ್ಕ. ಮೇ 8ಕ್ಕೆ ಹೊಸ ಪೋಪ್ ಹದಿನಾಲ್ಕನೇ ಲಿಯೊ. ಆ ರಾತ್ರಿ ಹೆಸರು ಕೇಳುವ ತನಕ ಪಪ್ಪ ಟಿವಿ ಮುಂದಿನಿಂದ ಏಳಲಿಲ್ಲ. ಆಮೇಲೆ ಮಳೆ. ಮೇ 24ಕ್ಕೇ ಮುಂಗಾರು ಕೇರಳಕ್ಕೆ ಬಂತು, ನಮ್ಮ ಕಡೆಗೂ ಅದರ ಬೆನ್ನಿಗೇ ಹಿಡಿಯಿತು, ಅಡಿಕೆಗೆ ಮೊದಲ ಔಷಧಿ ಹೊಡೆಯಲು ಪುರುಸೊತ್ತೇ ಕೊಡಲಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು, 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಪಪ್ಪ ಡ್ರಮ್ಮಿನಲ್ಲಿ ಕತ್ತಿ ಅದ್ದಿ ನೋಡುತ್ತಿದ್ದರು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನೂ ಸುಣ್ಣ ಬೇಕು ಅಂತ ಲೆಕ್ಕ. ಜುಲೈಯಲ್ಲಿ ಅವರ ಅಕ್ಷರದಲ್ಲಿ ‘ಎರಡನೇ ಔಷಧಿ ಆಗಲಿಲ್ಲ’ ಅಂತಿದೆ. ಆಗ ಅವರು ಆಸ್ಪತ್ರೆಯಲ್ಲಿದ್ದರು, ಪುಸ್ತಕವನ್ನು ಅಲ್ಲಿಗೇ ತರಿಸಿಕೊಂಡಿದ್ದರು.

ಔಷಧಿ ಆಗಿತ್ತು. ಪಕ್ಕದ ತೋಟದ ಅಣ್ಣ ಅವರ ಮರಗಳಿಗೆ ಹೊಡೆದು, ಮಳೆ ಬಿಟ್ಟ ಎರಡು ದಿನದಲ್ಲಿ ನಮ್ಮದಕ್ಕೂ ಹೊಡೆಸಿದ್ದರು. ಮೈಲುತುತ್ತೂ ಅವರದೇ, ಕೂಲಿಯೂ ಅವರದೇ. ಯಾರಿಗೂ ಹೇಳಿರಲಿಲ್ಲ. ಪಪ್ಪನಿಗೆ ಇದು ಗೊತ್ತಾಗಲೇ ಇಲ್ಲ ಅನ್ನುವುದು ಈಗಲೂ ನನ್ನನ್ನು ಚುಚ್ಚುತ್ತದೆ. ಅವರ ಸಾಲಿನ ಕೆಳಗೆ ಅಮ್ಮ ತಮ್ಮ ಅಕ್ಷರದಲ್ಲಿ ಆ ಅಣ್ಣನ ಹೆಸರು ಬರೆದು, ಎದುರಿಗೆ ‘ಬಾಕಿ’ ಅಂತ ಬರೆದಿದ್ದಾರೆ.

ಕೆಲವರು ಇನ್ನೂ ನೇರವಾಗಿ ಕೇಳುತ್ತಾರೆ, ಇಂಥ ವರ್ಷಕ್ಕೆ ದೇವರಿಗೆ ಏನಂತ ಥ್ಯಾಂಕ್ಸ್ ಹೇಳ್ತೀರಿ ಅಂತ. 2025 ಇಡೀ ಕಥೋಲಿಕ ಚರ್ಚಿಗೆ ಜುಬಿಲಿ ವರ್ಷ, ಭರವಸೆಯ ವರ್ಷ ಅಂತ ಸಾರಿದ್ದರು. ಆಗಸ್ಟಿನಲ್ಲಿ ಆ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು, ಅದನ್ನು ಯಾಕೆ ಮುಚ್ಚಿಡಲಿ. ಪಪ್ಪ ಹೋಗಿದ್ದಕ್ಕೆ ನಾನು ಥ್ಯಾಂಕ್ಸ್ ಹೇಳುವುದಿಲ್ಲ, ಹೇಳಬೇಕು ಅಂತ ದೇವರು ಕೇಳುತ್ತಾನೆ ಅಂತಲೂ ನಂಬುವುದಿಲ್ಲ. ಆದರೆ ಆ ಔಷಧಿಗೆ ಹೇಳಬೇಕು. ದಫನದ ದಿನ ಜೋರು ಮಳೆಯಲ್ಲಿ ನಿಂತ, ನಮ್ಮ ವಾಡೊದ ಮುಖ್ಯಸ್ಥರಾದ ಗುರ್ಕಾರ್‌ಗೆ, ಸತ್ತವರನ್ನು ನೆನೆಯುವ ನವೆಂಬರ್ 2ಕ್ಕೆ ನಮಗಿಂತ ಮೊದಲೇ ಪಪ್ಪನ ಸಮಾಧಿಗೆ ಹೂ ಇಟ್ಟು ಹೋದವರಿಗೆ ಹೇಳಬೇಕು. ಹಬ್ಬ ಬಿಟ್ಟರೆ ಇದನ್ನೆಲ್ಲ ಎಲ್ಲಿ, ಯಾರ ಎದುರು ಓದುವುದು?

ಹಾಗಾಗಿ 24ರ ಸಂಜೆ ಈ ಸಲ ಅಮ್ಮ ಓದುತ್ತಾರೆ. ಪಕ್ಕದ ತೋಟದ ಅಣ್ಣನನ್ನೂ ಅತ್ತಿಗೆಯನ್ನೂ ಕರೆದಿದ್ದೇವೆ, ಬರುತ್ತೇವೆ ಅಂದಿದ್ದಾರೆ. 25ರ ಮಧ್ಯಾಹ್ನ ಇಡ್ಲಿಯಂಥ ಸನ್ನಾ ಇರುತ್ತದೆ, ಮಾಂಸ ತಿನ್ನದವರಿಗೆ ಕಡಲೆ ಗಸಿ ಮಾಡುತ್ತೇವೆ. ನೀವೂ ಬನ್ನಿ. ಶುಭಾಶಯವನ್ನೂ ಹೇಳಿ, ನಮಗೆ ಬೇಜಾರಾಗುವುದಿಲ್ಲ. ಅಮ್ಮ ಅಳುತ್ತಾರೇನೋ ಅಂತ ಹೆದರಿ ಪಪ್ಪನ ಸುದ್ದಿ ಮಾತ್ರ ತಪ್ಪಿಸಬೇಡಿ. ಅವರ ಬಗ್ಗೆ ಯಾರಾದರೂ ಮಾತಾಡಲಿ ಅಂತಲೇ ಅಮ್ಮ ಕಾಯುತ್ತಿದ್ದಾರೆ.